ಅರಿವು ಕೇಂದ್ರದಲ್ಲಿ ಭಾನುವಾರದ ಉದ್ಯೋಗ ಸಹಾಯ: ಯಾರನ್ನು ಎಲ್ಲಿಗೆ ಕಳಿಸಬೇಕು, ಮೊದಲು ಏನು ಮಾಡಬೇಕು?

ಬೆಣ್ಣಿಹಳ್ಳದ_ಓದುಗ

ಕುಂದಗೋಳ ತಾಲ್ಲೂಕಿನ ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಪಂಚಾಯಿತಿ ಗ್ರಂಥಾಲಯದಲ್ಲಿ) ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಕೂತು, ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ನೆರವಾಗಬೇಕೆಂದು ನಾಲ್ಕು ಜನ ತೀರ್ಮಾನಿಸಿದ್ದೇವೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇದೆ. ಕೊಡಲು ದುಡ್ಡಿಲ್ಲ, ಸಮಯ ಇದೆ.

ಬರುವವರು ಹೆಚ್ಚುಕಮ್ಮಿ ನಾಲ್ಕು ಬಗೆ. ಎಸ್ಸೆಸ್ಸೆಲ್ಸಿಯಲ್ಲಿ ನಿಂತವರು. ಐಟಿಐ ಮುಗಿಸಿ ಮನೆಯಲ್ಲಿರುವವರು. ಬಿಎ, ಬಿಕಾಂ ಮುಗಿಸಿ ರಾಜ್ಯದ ನಿರುದ್ಯೋಗ ಭತ್ಯೆಯಾದ ಯುವನಿಧಿ ಪಡೆಯುತ್ತಿರುವವರು ಅಥವಾ ಪಡೆದು ಮುಗಿದವರು. ಇನ್ನು ಪಿಯುಸಿಗೆ ಓದು ಬಿಟ್ಟ, ಹೊಲಿಗೆ ಕಲಿಯಬೇಕು ಅನ್ನುವ ಹೆಣ್ಣುಮಕ್ಕಳು, ಇವರಲ್ಲಿ ಮದುವೆಯಾದವರೂ ಇದ್ದಾರೆ. ಹುಬ್ಬಳ್ಳಿ ಹತ್ತಿರವೇ ಇದೆ. ತಾರಿಹಾಳ, ಗೋಕುಲ ರಸ್ತೆ ಕೈಗಾರಿಕಾ ಪ್ರದೇಶಕ್ಕೆ ಬಸ್ಸಿನಲ್ಲಿ ಹೋಗಿ ಬರಬಹುದು.

ನಿಜವಾಗಿ ಯಾವುದು ಫಲ ಕೊಡುತ್ತದೆ, ಎಲ್ಲಿ ಕೆಡುತ್ತದೆ ಎಂದು ಬಲ್ಲವರು ಬಿಡಿಸಿ ಹೇಳಿ. ‘ಕೌಶಲ್ಯ ಬೆಳೆಸಿಕೊಳ್ಳಿ’ ಎಂಬ ಭಾಷಣ ಇಲ್ಲಿ ಎಲ್ಲರೂ ಕೇಳಿದ್ದಾರೆ.

ಕಡತದ_ಅಕ್ಕ

ಮೊದಲ ಎರಡು ಭಾನುವಾರ ಯಾರ ಅರ್ಜಿಯನ್ನೂ ಹಾಕಬೇಡಿ. ಕಾಗದ ಮಾತ್ರ ನೋಡಿ. ಹಳ್ಳಿಯ ಹುಡುಗರ ಅರ್ಜಿಗಳು ಬೀಳುವುದು ಅರ್ಹತೆ ಇಲ್ಲದೆ ಅಲ್ಲ, ಹೆಸರು ಹೊಂದದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಸವರಾಜ ಎಸ್.’, ಆಧಾರದಲ್ಲಿ ‘ಬಸವರಾಜ ಶಿವಪ್ಪ’, ಬ್ಯಾಂಕಿನಲ್ಲಿ ಇನ್ನೊಂದು. ಆಧಾರ್ ಇ-ಕೆವೈಸಿ (ಆಧಾರದಿಂದ ಗುರುತಿನ ಪರಿಶೀಲನೆ) ಕೇಳುವ ಪೋರ್ಟಲ್‌ಗಳಲ್ಲಿ ಇಂಥವು ಅಲ್ಲೇ ನಿಲ್ಲುತ್ತವೆ. ಅಂಕಪಟ್ಟಿಯನ್ನೇ ಮೂಲ ಎಂದಿಟ್ಟುಕೊಳ್ಳಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿ ತಿದ್ದಿಸುವುದು ಶಾಲೆಯ ಮುಖ್ಯಶಿಕ್ಷಕರ ಮೂಲಕ ಮಂಡಳಿಗೆ ಹೋಗುವ ದೀರ್ಘ ದಾರಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಇನ್ನೊಂದು ಎಚ್ಚರ: ಆಧಾರದಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅಕ್ಷರ ಅಕ್ಷರ ನೋಡಿ ಬರೆದುಕೊಟ್ಟು ಕಳಿಸಿ.

ಎರಡನೆಯದು ಫೋನ್ ಮತ್ತು ಇ-ಮೇಲ್. ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸಿದವರಲ್ಲಿ ಬಹಳ ಜನರ ಅರ್ಜಿಯಲ್ಲಿ ಸೆಂಟರಿನವರದೇ ಇ-ಮೇಲ್ ಇರುತ್ತದೆ. ಸಂದರ್ಶನದ ಪತ್ರ ಅಲ್ಲಿಗೆ ಹೋಗುತ್ತದೆ, ಹುಡುಗನಿಗೆ ಗೊತ್ತೇ ಆಗುವುದಿಲ್ಲ. ನೀವೂ ನಿಮ್ಮ ನಂಬರ್ ಹಾಕಬೇಡಿ. ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಸಾದಾ ಇ-ಮೇಲ್ ತೆರೆಸಿ, ಪಾಸ್‌ವರ್ಡನ್ನು ಅವರ ಸ್ವಂತ ನೋಟ್‌ಬುಕ್ಕಿನಲ್ಲಿ ಅವರ ಕೈಯಿಂದಲೇ ಬರೆಸಿ. ಸಿಮ್ ಬದಲಿಸಿದರೆ ಮೊದಲು ಆಧಾರಕ್ಕೆ ಹೊಸ ನಂಬರ್ ಜೋಡಿಸಬೇಕು, ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ ಎಂದು ಹೇಳಿಡಿ.

ಮೂರನೆಯದು ಬ್ಯಾಂಕ್. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅದು ಕೆವೈಸಿ ಮಾತ್ರ ಇರಬಹುದು. ಸರ್ಕಾರದ ಹಣ ಬರುವುದು ಎನ್‌ಪಿಸಿಐ ಮ್ಯಾಪಿಂಗ್ ಆದ, ಎಂದರೆ ರಾಷ್ಟ್ರೀಯ ಪಾವತಿ ನಿಗಮದ ದಾಖಲೆಯಲ್ಲಿ ಆಧಾರಕ್ಕೆ ಜೋಡಿಸಿದ ಖಾತೆಗೆ, ಅದೂ ಕೊನೆಗೆ ಜೋಡಿಸಿದ ಒಂದೇ ಖಾತೆಗೆ. ಎಂದೋ ತೆರೆದು ಮರೆತ ಪೇಮೆಂಟ್ ಬ್ಯಾಂಕ್ ಖಾತೆಗೆ ಹಣ ಹೋಗಿ ಕೂತಿರುವುದು ಸಾಮಾನ್ಯ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ಎರಡು ನಿಮಿಷದಲ್ಲಿ ಕಾಣುತ್ತದೆ. ತಪ್ಪಿದ್ದರೆ ಬೇಕಾದ ಬ್ಯಾಂಕಿನ ಶಾಖೆಗೆ ಹೋಗಿ ಡಿಬಿಟಿ (ನೇರ ನಗದು ವರ್ಗಾವಣೆ) ಜೋಡಣೆಯ ಅರ್ಜಿ ಕೊಡಬೇಕು.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಆದಾಯದ್ದು 5 ವರ್ಷ ನಡೆಯುತ್ತದೆ, ತಾರೀಖು ನೋಡಿ. ಪದವೀಧರರ ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಕಾಣುತ್ತದೆಯೇ ಪರೀಕ್ಷಿಸಿ. ಕಾಣದಿದ್ದರೆ ವಿಶ್ವವಿದ್ಯಾಲಯಕ್ಕೆ ಈಗಲೇ ಬರೆಯಿರಿ.

ಒಂದು ದಪ್ಪ ರಿಜಿಸ್ಟರ್ ಇಡಿ. ಹೆಸರು, ಫೋನ್, ಮನೆಯವರ ಇನ್ನೊಂದು ಫೋನ್, ಓದು, ದಿನಾ ಎಷ್ಟು ದೂರ ಹೋಗಬಲ್ಲರು, ಊರಿಗೆ ಬರುವ ಕೊನೆಯ ಬಸ್ ಎಷ್ಟಕ್ಕೆ, ಮುಂದಿನ ಹೆಜ್ಜೆ, ತಾರೀಖು. ಬಸ್ಸಿನ ಕಾಲಂ ಬಿಡಬೇಡಿ. ಎರಡನೇ ಪಾಳಿ ರಾತ್ರಿ ಹತ್ತರ ಹೊತ್ತಿಗೆ ಬಿಡುವ ಕಾರ್ಖಾನೆಗೆ ಸೇರಿ, ಬಸ್ಸಿಲ್ಲದೆ ವಾರದಲ್ಲಿ ಬಿಟ್ಟು ಬರುವುದು ಈ ಕಾಲಂ ಇಲ್ಲದ್ದಕ್ಕೆ. ‘ಮುಂದಿನ ಹೆಜ್ಜೆ’ ಒಂದೇ ಇರಲಿ. ಐದು ಕೆಲಸ ಹೇಳಿದರೆ ಒಂದೂ ಆಗುವುದಿಲ್ಲ. ‘ಬುಧವಾರ ಬ್ಯಾಂಕಿಗೆ ಹೋಗಿ ಅರ್ಜಿ ಕೊಡುವುದು’ ಅಷ್ಟೇ.

ಆಧಾರ್ ಜೆರಾಕ್ಸ್‌ಗಳನ್ನು ಕೇಂದ್ರದಲ್ಲಿ ಇಟ್ಟುಕೊಳ್ಳಬೇಡಿ. ಸ್ಕ್ಯಾನ್ ಮಾಡಿದ್ದನ್ನು ಅವರ ಇ-ಮೇಲ್‌ಗೆ ಕಳಿಸಿ, ಕಂಪ್ಯೂಟರಿನಿಂದ ಅಳಿಸಿ. ವಾಟ್ಸಾಪ್ ಗುಂಪಿನಲ್ಲಿ ಯಾರ ಕಾಗದವನ್ನೂ ಹಾಕಬೇಡಿ.

ವೈಸ್_ಮತ್ತು_ಫೈಲ್

ಐಟಿಐ ಹುಡುಗೂರ ಬಗ್ಗೆ ನಾ ಹೇಳ್ತೀನ್ರಿ. ಅವರಿಗೆ ನೇರ ನೌಕರಿ ಹುಡುಕಾಕ ಹೋಗಬ್ಯಾಡ್ರಿ, ಮೊದಲು ಅಪ್ರೆಂಟಿಸ್ ಮಾಡಿಸ್ರಿ, ಅಂದ್ರ ಕಂಪನಿಯಾಗ ಕೆಲಸ ಕಲಿಯೂ ತರಬೇತಿ. ಎರಡು ಬಾಗಿಲು ಅದಾವ. ಐಟಿಐ, ಎಸ್ಸೆಸ್ಸೆಲ್ಸಿ, ಪಿಯುಸಿ ಆದವರಿಗೆ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್. ಡಿಪ್ಲೊಮಾ, ಡಿಗ್ರಿ ಆದವರಿಗೆ ಎನ್‌ಎಟಿಎಸ್, ಅಂದ್ರ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯ ಪೋರ್ಟಲ್. ಎರಡಕ್ಕೂ ಹುಡುಗನ ಕಡೆಯಿಂದ ಒಂದು ರೂಪಾಯಿ ಫೀ ಇಲ್ಲ.

2019ರಾಗ ಬದಲಾದ ನಿಯಮದ ಪ್ರಕಾರ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್ (ತರಬೇತಿ ಭತ್ಯೆ) ಎಸ್ಸೆಸ್ಸೆಲ್ಸಿ ಆದವರಿಗೆ ₹6,000, ಪಿಯುಸಿ ಇಲ್ಲಾ ಐಟಿಐ ಆದವರಿಗೆ ₹7,000, ಡಿಪ್ಲೊಮಾಕ್ಕ ₹8,000, ಡಿಗ್ರಿಗೆ ₹9,000. ಎರಡನೇ ವರ್ಷಕ್ಕ 10 ಪರ್ಸೆಂಟ್ ಏರಬೇಕು. ಈ ದರ ಏರಿಸಬೇಕು ಅಂತ ಶಿಫಾರಸು ಆಗೈತಿ, ಹಂಗಾಗಿ ಕಾಂಟ್ರಾಕ್ಟಿಗೆ ಸಹಿ ಹಾಕೋ ದಿನ ಪೋರ್ಟಲ್‌ನ್ಯಾಗ ಏನೈತಿ ನೋಡಿಕೊಳ್ರಿ. ಇದು ಕನಿಷ್ಠ, ಜಾಸ್ತಿ ಕೊಡೋ ಕಂಪನಿನೂ ಅದಾವ.

ಇಲ್ಲಿ ಒಂದು ಗೊಂದಲ ಭಾಳ ಆಗತೈತಿ. ನಾಪ್ಸ್ ಅನ್ನೂ ಕೇಂದ್ರದ ಅಪ್ರೆಂಟಿಸ್ ಉತ್ತೇಜನ ಯೋಜನೆಯೊಳಗ ಸ್ಟೈಪೆಂಡಿನ ಕಾಲುಭಾಗ, ಗರಿಷ್ಠ ₹1,500, ಸರ್ಕಾರ ನೇರ ಹುಡುಗನ ಖಾತೆಗೆ ಹಾಕತೈತಿ. ಉಳಿದಿದ್ದು ಕಂಪನಿ. ₹7,000ಕ್ಕ ಕಾಲುಭಾಗ ಅಂದ್ರ ₹1,750, ಆದ್ರ ಮಿತಿ ₹1,500, ಹಂಗಾಗಿ ಕಂಪನಿಯಿಂದ ಬರೋದು ₹5,500. ಎರಡೂ ಒಂದ ದಿನ ಬರೂದಿಲ್ಲ. ಹುಡುಗ ‘ಕಂಪನಿ ರೊಕ್ಕಾ ಮುರಕೊಂತು’ ಅಂತ ಸಿಟ್ಟಾಗಿ ಬಿಟ್ಟು ಬರ್ತಾನ. ಕಡತದ ಅಕ್ಕಾರು ಹೇಳಿದ ಮ್ಯಾಪಿಂಗ್ ಸರಿ ಇರಲಿಲ್ಲ ಅಂದ್ರ ಆ ₹1,500 ಬರೂದ ಇಲ್ಲ. ಇದನ್ನ ಸೇರೂಕಿಂತ ಮೊದಲ ಕಾಗದದ ಮ್ಯಾಲೆ ಬರದು ತೋರಿಸ್ರಿ.

ಕಂಪನಿ ಹೆಂಗ ಹಿಡಿಯೂದು? 30 ಅಥವಾ ಹೆಚ್ಚು ಮಂದಿ ಇರೋ ಸಂಸ್ಥೆ, ಕಾಂಟ್ರಾಕ್ಟ್ ಮಂದಿ ಸೇರಿಸಿ, ತಮ್ಮ ಒಟ್ಟು ಸಂಖ್ಯೆಯ 2.5ರಿಂದ 15 ಪರ್ಸೆಂಟ್ ಅಪ್ರೆಂಟಿಸ್ ತಗೊಳ್ಳಲೇಬೇಕು ಅಂತ ಕಾಯ್ದೆ ಐತಿ. 40 ಮಂದಿ ಇದ್ರ ಕನಿಷ್ಠ ಒಬ್ಬ, 200 ಇದ್ರ ಕನಿಷ್ಠ ಐದು. ಅಂದ್ರ ನೀವು ಭಿಕ್ಷಾ ಕೇಳಾಕತ್ತಿಲ್ಲ, ಅವರಿಗೆ ಬೇಕಾದ ಮಂದಿ ಕೊಡಾಕತ್ತೀರಿ. ತಾರಿಹಾಳ, ಗೋಕುಲ ರಸ್ತೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಾಗ ಇಪ್ಪತ್ತು ಸಂಸ್ಥೆ ಪಟ್ಟಿ ಮಾಡ್ರಿ. ಎಚ್‌ಆರ್‌ಗೆ ಒಂದು ಪುಟದ ಪತ್ರ: ಯಾವ ಟ್ರೇಡ್, ಎಷ್ಟು ಮಂದಿ, ಯಾವ ವರ್ಷ ಪಾಸು, ಪೋರ್ಟಲ್ ನೋಂದಣಿ ಆಗೈತಿ, ಯಾವತ್ತಿಂದ ಬರಬಲ್ಲರು. ‘ನಮ್ಮ ಹುಡುಗೂರಿಗೆ ಏನಾರ ಕೆಲಸ ಕೊಡ್ರಿ’ ಅಂತ ಬರದ್ರ ಉತ್ತರ ಬರೂದಿಲ್ಲ. ‘ಫಿಟ್ಟರ್ 3, ಎಲೆಕ್ಟ್ರಿಷಿಯನ್ 2, ಸೋಮವಾರದಿಂದ ತಯಾರು’ ಅಂತ ಬರದ್ರ ಫೋನ್ ಬರತೈತಿ.

ಸೇರಿದ ಮ್ಯಾಲೆ ಪೋರ್ಟಲ್‌ನ್ಯಾಗ ಕಾಂಟ್ರಾಕ್ಟ್ ನಂಬರ್ ಹುಟ್ಟಬೇಕು. ಅದರೊಳಗ ಟ್ರೇಡ್, ಅವಧಿ, ಸ್ಟೈಪೆಂಡ್, ಜಾಗ ಬರದಿರತೈತಿ. ನಂಬರ್ ಇಲ್ಲಂದ್ರ ಅವ ಅಪ್ರೆಂಟಿಸ್ ಅಲ್ಲ, ‘ಟ್ರೇನಿ’ ಹೆಸರಿನ ಕೂಲಿ. ವರ್ಷ ಮುಗಿದ ಮ್ಯಾಲೆ ಪರೀಕ್ಷೆನೂ ಇಲ್ಲ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರನೂ ಇಲ್ಲ. ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಅನ್ವಯಿಸೂದಿಲ್ಲ, ಅದನ್ನ ಮೋಸ ಅಂತ ತಿಳಿಬ್ಯಾಡ್ರಿ. ಕೆಲಸದಾಗ ಪೆಟ್ಟಾದ್ರ ಪರಿಹಾರದ ಹೊಣೆ ಮಾಲೀಕರದು.

ಹುಬ್ಬಳ್ಳಿ, ಮೈಸೂರು ರೈಲ್ವೆ ಕಾರ್ಯಾಗಾರದ ಅಪ್ರೆಂಟಿಸ್ ಅಧಿಸೂಚನೆ ನೈಋತ್ಯ ರೈಲ್ವೆಯಿಂದ ಬರತೈತಿ. ಬರಹದ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ಮ್ಯಾಲೆ ಆಯ್ಕೆ. ವಯಸ್ಸು 15ರಿಂದ 24, ಮೀಸಲಾತಿಗೆ ಸಡಿಲ ಐತಿ. ಮುಗಿಸಿದವರಿಗೆ ರೈಲ್ವೆಯ ಲೆವೆಲ್-1 (ಎಲ್ಲಕ್ಕಿಂತ ಕೆಳಗಿನ ದರ್ಜೆ) ನೇಮಕಾತಿಯಾಗ 20 ಪರ್ಸೆಂಟ್ ಮೀಸಲು ಐತಿ, ಆದ್ರ ಅದು ನೌಕರಿ ಖಾತ್ರಿ ಅಲ್ಲ, ಪರೀಕ್ಷೆ ಬರೀಲೇಬೇಕು. ಇದನ್ನ ಮುಚ್ಚಿಟ್ಟು ಆಸೆ ಹುಟ್ಟಿಸಬ್ಯಾಡ್ರಿ.

ಹೊಲಿಗೆ_ಲೆಕ್ಕ

ಹೆಣ್ಣುಮಕ್ಕಳ ವಿಚಾರ. ಗ್ರಾಮೀಣರಿಗೆ ಸ್ವಉದ್ಯೋಗ ತರಬೇತಿ ಕೊಡುವ ಧಾರವಾಡದ ರುಡ್‌ಸೆಟ್ ಸಂಸ್ಥೆ ನಿಮಗೆ ಹತ್ತಿರವೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಆರಂಭಿಸಿದ್ದು. ಇದೇ ಮಾದರಿಯ ಮೇಲೆ ಮುಂದೆ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಆರ್‌ಸೆಟಿಗಳು (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು) ಬಂದವು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಹೊಲಿಗೆ, ಮೊಬೈಲ್ ರಿಪೇರಿ, ಮೋಟಾರ್ ರಿವೈಂಡಿಂಗ್‌ನಂಥವು ತಿಂಗಳ ಆಸುಪಾಸು, ಹೈನುಗಾರಿಕೆ ಸುಮಾರು 10 ದಿನ. ತರಬೇತಿ ಮುಗಿದ ಮೇಲೂ ಎರಡು ವರ್ಷ ಅವರು ವಿಚಾರಿಸುತ್ತಿರುತ್ತಾರೆ. ಆದರೆ ಇದು ಸ್ವಂತ ಉದ್ಯೋಗಕ್ಕೆ ತಯಾರು ಮಾಡುವ ಜಾಗ, ಸಂಬಳದ ಕೆಲಸ ಕೊಡಿಸುವ ಜಾಗವಲ್ಲ. ಸಂಬಳದ ಕೆಲಸವೇ ಬೇಕೆನ್ನುವ ಗ್ರಾಮೀಣ ಹುಡುಗಿಗೆ ದೀನದಯಾಳ್ ಗ್ರಾಮೀಣ ಕೌಶಲ್ಯ ಯೋಜನೆ ಸರಿ. ಅದಕ್ಕೆ ವಯಸ್ಸು 15ರಿಂದ 35, ಮಹಿಳೆಯರಿಗೆ 45ರವರೆಗೆ. ತಾಲ್ಲೂಕು ಪಂಚಾಯಿತಿಯಲ್ಲಿ ಸಂಜೀವಿನಿ (ಗ್ರಾಮೀಣ ಜೀವನೋಪಾಯ) ವಿಭಾಗದವರನ್ನು ಕೇಳಿ.

ಚಿಕ್ಕ ಮಕ್ಕಳಿರುವ ತಾಯಂದಿರಿಗೆ ತಿಂಗಳು ಹೊರಗೆ ಉಳಿಯಲು ಆಗುವುದಿಲ್ಲ. ಅದಕ್ಕೆ ದಾರಿ ಇದೆ. ಕಲಿಯುವವರು 30ರಷ್ಟು ಸೇರಿದರೆ, ಬೆಳಕಿರುವ ಒಂದು ಸಭಾಭವನ, ವಿದ್ಯುತ್, ಶೌಚಾಲಯ ಇದ್ದರೆ ಸಂಸ್ಥೆಯವರು ಊರಿಗೇ ಬಂದು ತರಬೇತಿ ನಡೆಸುವುದುಂಟು. ಸ್ವಸಹಾಯ ಸಂಘಗಳ ಒಕ್ಕೂಟದ ಪತ್ರ, ಹೆಸರುಗಳ ಪಟ್ಟಿ, ಪಂಚಾಯಿತಿಯಿಂದ ಜಾಗ ಕೊಡುವ ಒಪ್ಪಿಗೆ, ಈ ಮೂರನ್ನೂ ಒಟ್ಟಿಗೆ ಹಿಡಿದು ನಿರ್ದೇಶಕರನ್ನು ಕಾಣಿ. ಬಿತ್ತನೆ, ಸುಗ್ಗಿಯ ತಿಂಗಳು ಕೇಳಬೇಡಿ, ಅರ್ಧಕ್ಕರ್ಧ ಜನ ಬಿಡುತ್ತಾರೆ.

ಹೆಸರು ಬರೆಸುವ ಮುನ್ನ ಪ್ರತಿಯೊಬ್ಬರನ್ನೂ ಕೇಳಿ: ಕಲಿತ ಮರುವಾರ ಯಾವ ಮಷಿನ್ ಮೇಲೆ ಹೊಲಿಯುತ್ತೀರಿ? ಉತ್ತರ ಇಲ್ಲದಿದ್ದರೆ ಮೊದಲು ಮಷಿನ್ನಿನ ದಾರಿ ನೋಡಿ. ಹೊಲಿಗೆ ಕೈಗೆ ಕೂರುವುದು ತರಬೇತಿಯಲ್ಲಲ್ಲ, ನಂತರದ ಮೂರು ತಿಂಗಳಲ್ಲಿ. ಮಷಿನ್ ಇಲ್ಲದೆ ಆ ಮೂರು ತಿಂಗಳು ಕಳೆದರೆ ಕಟಿಂಗ್ ಮರೆತುಹೋಗುತ್ತದೆ, ಪ್ರಮಾಣಪತ್ರ ಟ್ರಂಕಿನಲ್ಲಿ ಉಳಿಯುತ್ತದೆ. ಊರಲ್ಲಿ ಈಗ ಎಷ್ಟು ಜನ ಹೊಲಿಯುತ್ತಾರೆ, ಸಾದಾ ಬ್ಲೌಸಿಗೆ ಎಷ್ಟು, ಲೈನಿಂಗ್ ಬ್ಲೌಸಿಗೆ ಎಷ್ಟು, ಶಾಲೆಯ ಸಮವಸ್ತ್ರ ಯಾರು ಹೊಲಿಯುತ್ತಾರೆ ಎಂದು ಅವರಿಂದಲೇ ಕೇಳಿಸಿ ಬರೆಸಿ. ಅದೇ ಮುಂದೆ ಬ್ಯಾಂಕಿಗೆ ತೋರಿಸುವ ಲೆಕ್ಕವೂ ಆಗುತ್ತದೆ.

ಸಾಲ ಬೇಕಾದರೆ ಕೇಂದ್ರದ ಮುದ್ರಾ ಸಾಲ ಯೋಜನೆಯ ಶಿಶು ವಿಭಾಗದಲ್ಲಿ ₹50,000ದವರೆಗೆ ಅಡಮಾನವಿಲ್ಲ. ತರಬೇತಿ ಪ್ರಮಾಣಪತ್ರ, ಜಿಎಸ್‌ಟಿ ನಂಬರ್ ಇರುವ ಅಂಗಡಿಯ ಕೊಟೇಶನ್, ಖಾತೆ ಇರುವ ಹತ್ತಿರದ ಶಾಖೆ ಇಷ್ಟು ಬೇಕು. ತಿರಸ್ಕಾರ ಆಗುವುದು ಹೆಚ್ಚಾಗಿ ಹಳೆಯ ಮೈಕ್ರೋಫೈನಾನ್ಸ್ ಬಾಕಿಯಿಂದ. ಯಾರದೋ ಸಾಲಕ್ಕೆ ತನ್ನ ಹೆಸರು ಕೊಟ್ಟಿರುವ ಹೆಣ್ಣುಮಕ್ಕಳು ಬಹಳ ಇದ್ದಾರೆ. ಅರ್ಜಿಗೆ ಮೊದಲೇ ಸಿಬಿಲ್ ವರದಿ (ಹೆಸರಿನಲ್ಲಿರುವ ಸಾಲಗಳ ದಾಖಲೆ) ತೆಗೆಸಿ ನೋಡಿ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಈಗಾಗಲೇ ಹೊಲಿಯುತ್ತಿರುವವರಿಗೆ ಕುಶಲಕರ್ಮಿಗಳಿಗಾಗಿ ಇರುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ ಹೆಚ್ಚು ಹೊಂದುತ್ತದೆ. ದರ್ಜಿ ಕೆಲಸ ಅದರ 18 ಕಸುಬುಗಳಲ್ಲಿ ಒಂದು. ತರಬೇತಿಯ ದಿನಕ್ಕೆ ₹500, ಸಲಕರಣೆಗೆ ₹15,000ದ ಇ-ವೋಚರ್, ಮೊದಲ ಕಂತಿನಲ್ಲಿ ₹1 ಲಕ್ಷದವರೆಗೆ 5 ಪರ್ಸೆಂಟ್ ಬಡ್ಡಿಯ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಗಂಡನ ಹೆಸರಿನಲ್ಲಿ ಆಗಿದ್ದರೆ ಹೆಂಡತಿಗೆ ಸಿಗುವುದಿಲ್ಲ, ಅದನ್ನು ಮೊದಲೇ ಕೇಳಿ.

ಸಂಜೆ_ತರಗತಿ

ಯುವನಿಧಿಯವರ ಬಗ್ಗೆ. ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಹೆಚ್ಚೆಂದರೆ ಎರಡು ವರ್ಷ. ತೇರ್ಗಡೆಯಾಗಿ 180 ದಿನ ಕೆಲಸವಿಲ್ಲದಿದ್ದರೆ ರಾಜ್ಯದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ. ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಕೊಡುತ್ತಿರಬೇಕು, ತಪ್ಪಿದರೆ ಹಣ ನಿಲ್ಲುತ್ತದೆ. ‘ನನಗೆ ಬರುತ್ತಿಲ್ಲ’ ಎನ್ನುವವರಲ್ಲಿ ಮೊದಲು ಇದನ್ನೇ ನೋಡಿ.

ಅಪ್ರೆಂಟಿಸ್ ಆದರೆ ಯುವನಿಧಿ ನಿಲ್ಲುತ್ತದೆ. ಇದಕ್ಕೆ ಹೆದರಿ ಸೇರದೆ ಉಳಿಯುವವರಿದ್ದಾರೆ. ಸೇರಿಯೂ ನಿರುದ್ಯೋಗಿ ಎಂದು ಘೋಷಣೆ ಕೊಡುವವರೂ ಇದ್ದಾರೆ, ಅದು ಸುಳ್ಳು ಘೋಷಣೆ, ನೀವು ಅದಕ್ಕೆ ಕೈಜೋಡಿಸಬೇಡಿ. ಲೆಕ್ಕ ಬಿಡಿಸಿ ತೋರಿಸಿ: ಎನ್‌ಎಟಿಎಸ್‌ನಲ್ಲಿ ಬಿಕಾಂ ಆದವರಿಗೆ ಕನಿಷ್ಠ ₹9,000, ಜೊತೆಗೆ ಒಂದು ವರ್ಷದ ಪ್ರಮಾಣಪತ್ರ. ಇನ್ನೊಂದು ವಿಷಯ, ಪದವಿಯ ನಂತರ ಒಂದು ವರ್ಷ ಅಥವಾ ಹೆಚ್ಚು ಕೆಲಸದ ಅನುಭವ ಇದ್ದರೆ ಎನ್‌ಎಟಿಎಸ್‌ಗೆ ಅರ್ಹತೆ ಹೋಗುತ್ತದೆ. ಆದ್ದರಿಂದ ಹೊಸದಾಗಿ ಪಾಸಾದವರನ್ನು ಮೊದಲು ಹಿಡಿಯಿರಿ.

ಬಿಕಾಂನವರು ‘ಟ್ಯಾಲಿ (ಲೆಕ್ಕ ಬರೆಯುವ ತಂತ್ರಾಂಶ) ಬರುತ್ತದೆ’ ಎಂದು ಬರೆಯುತ್ತಾರೆ, ಸಂದರ್ಶನದಲ್ಲಿ ಮೂರೇ ಪ್ರಶ್ನೆಗೆ ನಿಲ್ಲುತ್ತಾರೆ. 18 ಪರ್ಸೆಂಟಿನ ಸರಕನ್ನು ಹಾವೇರಿಗೆ ಮಾರಿದರೆ ತೆರಿಗೆ ಹೇಗೆ? ರಾಜ್ಯದೊಳಗಿನ ಮಾರಾಟ, ಆದ್ದರಿಂದ ಕೇಂದ್ರದ ಸಿಜಿಎಸ್‌ಟಿ 9, ರಾಜ್ಯದ ಎಸ್‌ಜಿಎಸ್‌ಟಿ 9. ಕೊಲ್ಹಾಪುರಕ್ಕೆ ಮಾರಿದರೆ? ಹೊರರಾಜ್ಯ, ಆದ್ದರಿಂದ ಐಜಿಎಸ್‌ಟಿ 18. ತಿಂಗಳ ರಿಟರ್ನ್ ಯಾವಾಗ? ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ 20ಕ್ಕೆ. ಊರಿನ ಗೊಬ್ಬರದ ಅಂಗಡಿಯವರನ್ನೋ ಕಿರಾಣಿ ಅಂಗಡಿಯವರನ್ನೋ ಕೇಳಿ ಹಳೆಯ ಒಂದು ತಿಂಗಳ ಬಿಲ್ಲುಗಳನ್ನು, ಹೆಸರು ಮುಚ್ಚಿ, ಅಭ್ಯಾಸಕ್ಕೆ ಇಟ್ಟುಕೊಳ್ಳಿ. 20 ಖರೀದಿ, 20 ಮಾರಾಟ, 10 ಪಾವತಿ ನಮೂದಿಸಿ ಬ್ಯಾಂಕ್ ಪಟ್ಟಿಯೊಂದಿಗೆ ತಾಳೆ ಮಾಡಲು ಬಂದರೆ ಆ ಹುಡುಗಿ ಯಾವ ಆಡಿಟರ್ ಕಚೇರಿಯಲ್ಲಾದರೂ ಕೂರಬಲ್ಲಳು. ಬಿಎ ಆದವರಿಗೆ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಎಕ್ಸೆಲ್‌ನಲ್ಲಿ ಪಟ್ಟಿ ವಿಂಗಡಿಸುವುದು, ಒಂದು ಸರಿಯಾದ ಅರ್ಜಿ ಬರೆಯುವುದು ಇಷ್ಟಾದರೂ ಮಾಡಿಸಿ.

ಮೋಸದ ಬಗ್ಗೆ ಗೋಡೆಗೆ ಅಂಟಿಸಿ. ನೋಂದಣಿ ಶುಲ್ಕ, ಗೇಟ್ ಪಾಸ್, ಯೂನಿಫಾರ್ಮ್, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ಯಾರೇ ಕೇಳಿದರೂ ಕೊಡಬಾರದು. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಎದ್ದು ಬರಬೇಕು. ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ಸಾಗುವ ಮೊದಲು ತಡೆಯಬೇಕಾದ್ದರಿಂದ ಇಲ್ಲಿ ಗಂಟೆಗಳೇ ಮುಖ್ಯ.

ಬೆಣ್ಣಿಹಳ್ಳದ_ಓದುಗ

ಎಲ್ಲರಿಗೂ ಧನ್ಯವಾದ. ರಿಜಿಸ್ಟರಿನ ಕಾಲಂಗಳನ್ನು ಇವತ್ತೇ ಗೆರೆ ಹೊಡೆದೆವು. ಎರಡು ಉಳಿದಿವೆ. ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಏನು? ಸೇರಿಸಿದ ಮೇಲೆ ವಾರ, ಹದಿನೈದು ದಿನದಲ್ಲಿ ಬಿಟ್ಟು ಬರುವವರನ್ನು ಹೇಗೆ ನಿಲ್ಲಿಸುವುದು?

ಕಡತದ_ಅಕ್ಕ

ಫೇಲಾದವರಿಗೆ ಮೊದಲು ಎಷ್ಟು ವಿಷಯ ಬಾಕಿ ಎಂದು ನೋಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಒಂದೆರಡು ವಿಷಯವಾದರೆ ಕಟ್ಟಿಸಿ ಪಾಸು ಮಾಡಿಸುವುದೇ ಅತ್ಯಂತ ಕಡಿಮೆ ಖರ್ಚಿನ ಉದ್ಯೋಗ ಸಹಾಯ. ಶುಲ್ಕದ ಕೊನೆಯ ದಿನವನ್ನು ಶಾಲೆಯಲ್ಲಿ ಕೇಳಿ ರಿಜಿಸ್ಟರಿಗೆ ಹತ್ತಿಸಿ. ಪರೀಕ್ಷೆ ಬೇಡವೇ ಬೇಡ ಎನ್ನುವವರಿಗೆ ಐಟಿಐನಲ್ಲಿ ಎಂಟನೇ ತರಗತಿಯ ಮೇಲೆ ಸಿಗುವ ಟ್ರೇಡ್‌ಗಳಿವೆ: ವೆಲ್ಡರ್ ಒಂದು ವರ್ಷ, ವೈರ್‌ಮನ್ ಎರಡು ವರ್ಷ. ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಎಸ್ಸೆಸ್ಸೆಲ್ಸಿ ಬೇಕೇ ಬೇಕು. ಖಾಸಗಿ ಐಟಿಐ ಆದರೆ ಸಂಸ್ಥೆಗಲ್ಲ, ಆ ಟ್ರೇಡಿಗೆ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಮಾನ್ಯತೆ ಇದೆಯೇ ನೋಡಿ. ಎಸ್ಸೆಸ್ಸೆಲ್ಸಿ ಪಾಸಾಗಿ ಗಣಿತ ಚೆನ್ನಾಗಿರುವವರಿಗೆ ಹುಬ್ಬಳ್ಳಿಯ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ) ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ತೋರಿಸಿ. ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಈ ಹೆಸರನ್ನೇ ಕೇಳದ ಹಳ್ಳಿಗಳು ಬಹಳ ಇವೆ.

ವೈಸ್_ಮತ್ತು_ಫೈಲ್

ಬಿಟ್ಟು ಬರೂದಕ್ಕ ಹೆಚ್ಚಾಗಿ ಕಾರಣ ರೊಕ್ಕಾ. ಸ್ಟೈಪೆಂಡ್ ಬರೂದು ಮುಂದಿನ ತಿಂಗಳ 10ರ ಒಳಗ. ಒಂದನೇ ತಾರೀಖು ಸೇರಿದವ 40 ದಿನ ಕೈಯಿಂದ ಹಾಕಬೇಕು. ಬಸ್ ಪಾಸ್, ಮಧ್ಯಾಹ್ನದ ಊಟ, ಸೇಫ್ಟಿ ಶೂ ಕಂಪನಿ ಕೊಡದಿದ್ರ ಅದೊಂದು, ರೂಮ್ ಮಾಡಿದ್ರ ಅಡ್ವಾನ್ಸ್. ಇದನ್ನ ಸೇರೂ ಮೊದಲ ಅಪ್ಪ ಅವ್ವನ ಮುಂದ ಕುಂತು ಕೂಡಿಸ್ರಿ. ರೊಕ್ಕಾ ಹೊಂದಿಲ್ಲಂದ್ರ ಒಂದು ತಿಂಗಳು ತಡಾ ಮಾಡಿ ಸೇರಿಸ್ರಿ, ಅರ್ಧಕ್ಕ ಬಿಟ್ಟು ಕಂಪನಿ ಬಾಗಿಲು ಮುಂದಿನವರಿಗೂ ಮುಚ್ಚೂದಕ್ಕಿಂತ ಅದು ಚಲೋ.

ಸೇರಿದ ಮ್ಯಾಲೆ ಮೂರು ಫೋನ್ ಮಾಡ್ರಿ. ಮೂರನೇ ದಿನ: ನಿಂತು ನಿಂತು ಕಾಲು ನೋಯತಾವೇನು, ಸೂಪರ್ವೈಸರ್ ಹೆಸರು ಗೊತ್ತಾತೇನು, ಊಟ ಎಲ್ಲಿ ಮಾಡ್ತಿ? ಹತ್ತನೇ ದಿನ: ನಿನ್ನ ಟ್ರೇಡಿನ ಕೆಲಸ ಕೊಟ್ಟಾರೇನು, ಇಲ್ಲಾ ಬರೇ ಲೋಡ್ ಇಳಸಾಕ ಹಚ್ಚಾರೇನು, ಕಾಂಟ್ರಾಕ್ಟ್ ನಂಬರ್ ಬಂತೇನು? ಮೂರನೇದು ಮುಂದಿನ ತಿಂಗಳ 10ಕ್ಕ: ಎಷ್ಟು ಬಂತು, ಯಾವ ಖಾತೆಗೆ? ಲೋಡ್ ಇಳಸಾಕ ಅಷ್ಟ ಹಚ್ಚಿದ್ರ ನೀವು ಎಚ್‌ಆರ್‌ಗೆ ಮರ್ಯಾದೆಯಿಂದ ಫೋನ್ ಮಾಡ್ರಿ, ಆಗಲಿಲ್ಲಂದ್ರ ಪೋರ್ಟಲ್‌ನ್ಯಾಗ ದೂರು ಹಾಕ್ರಿ. ಹುಡುಗನ್ನ ಜಗಳಕ್ಕ ಕಳಸಬ್ಯಾಡ್ರಿ. ನಾಲ್ಕು ಮಂದಿ ಇದ್ದೀರಿ, ಒಬ್ಬರ ಪಾಲಿಗೆ ಐದೈದು ಹುಡುಗೂರು ಅಂತ ಹಂಚಿಕೊಳ್ರಿ. ಅದಕ್ಕಿಂತ ಜಾಸ್ತಿ ಹಿಡಿದ್ರ ಮೂರನೇ ಫೋನ್ ಮರೆತು ಹೋಗತೈತಿ.